ಮೂವತ್ತು ದಾಟಿದ ವಿ8 ಕಾರಿನ ಇಸಿಯು: ಬದಲಿಸುವ ಮುನ್ನ ಒಮ್ಮೆ ತೆರೆದು ನೋಡಿ

ನಮಸ್ಕಾರ ವೀಕ್ಷಕರೇ. ಪರದೆಯ ಮೇಲೆ ನೀವು ನೋಡುತ್ತಿರುವುದು 1993ರಲ್ಲಿ ಜಪಾನಿನಲ್ಲಿ ತಯಾರಾದ, ನಾಲ್ಕು ಲೀಟರಿನ ವಿ8 ಎಂಜಿನ್ ಇರುವ ಒಂದು ಐಷಾರಾಮಿ ಸೆಡಾನ್. ಇದರ ತಯಾರಕರ ಹೆಸರನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಇಂದು ತೋರಿಸಲಿರುವ ದೋಷ ಯಾವುದೋ ಒಂದು ಕಂಪನಿಗೆ ಸೇರಿದ್ದಲ್ಲ. ಆ ಕಾಲದ ಅನೇಕ ಇಸಿಯುಗಳಿಗೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ, ವಯಸ್ಸು ಮತ್ತು ಬಿಸಿಲು ತಂದೊಡ್ಡಿರುವ ದೋಷ ಅದು. ಇಲ್ಲಿ ಶಾರ್ಜಾದಲ್ಲಿ ಆ ಎರಡಕ್ಕೂ ಕೊರತೆಯಿಲ್ಲ.

ಕಾರಿನ ತೊಂದರೆ ಹೀಗಿತ್ತು. ಚಳಿಗಾಲದ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆದರೂ ಐಡ್ಲಿಂಗ್, ಅಂದರೆ ಕಾರು ನಿಂತಿರುವಾಗಿನ ಎಂಜಿನ್ನಿನ ಓಟ, ಒಂದೇ ಸಮನೆ ನಿಲ್ಲದೆ ಏರಿಳಿಯುತ್ತಿತ್ತು, ಡ್ರೈವ್‌ಗೆ ಹಾಕಿದ ಕೂಡಲೇ ನಡುಗಿ ಆಫ್ ಆಗುತ್ತಿತ್ತು, ಕೆಲವೊಮ್ಮೆ ಗೇರ್ ಬದಲಾಗುವಾಗ ಜೋರಾಗಿ ಎಳೆದಂತಾಗುತ್ತಿತ್ತು. ಅರ್ಧ ಗಂಟೆ ಓಡಿಸಿದರೆ ಎಲ್ಲವೂ ಸರಿಹೋಗಿ, ಏನೂ ಆಗಿಯೇ ಇಲ್ಲವೇನೋ ಎಂಬಂತೆ ಕಾರು ಸದ್ದಿಲ್ಲದೆ ಸಾಗುತ್ತಿತ್ತು. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಗುಜರಿಯಿಂದ ಇನ್ನೊಂದು ಇಸಿಯು ತಂದು ಹಾಕಿ. ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿಗಳು ಸಾಲುಸಾಲಾಗಿವೆ, ಆದ್ದರಿಂದ ತರುವುದೇನೂ ಕಷ್ಟವಲ್ಲ. ಆದರೆ ಹಾಗೆ ತಂದ ಪೆಟ್ಟಿಗೆಗೂ ಇಷ್ಟೇ ವಯಸ್ಸಾಗಿರುತ್ತದೆ, ಅದರೊಳಗಿನ ಭಾಗಗಳೂ ಇದೇ ಬಿಸಿಲಿನಲ್ಲಿ ಬೆಂದಿರುತ್ತವೆ. ಹಣ ಕೊಟ್ಟು ಅದೇ ಕಾಯಿಲೆಯನ್ನು ಮತ್ತೆ ಮನೆಗೆ ತರುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಇಂಧನ ಚಿಮ್ಮುವಿಕೆ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆಯಿಂದ ನಿಯಂತ್ರಿಸುವ ಪದ್ಧತಿಯನ್ನು ಬಾಷ್ ಕಂಪನಿಯು ಮೋಟ್ರಾನಿಕ್ ಎಂಬ ಹೆಸರಿನಲ್ಲಿ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಳಕೆಗೆ ತಂದಿತು. 1990ರ ದಶಕದ ಹೊತ್ತಿಗೆ ದುಬಾರಿ ಕಾರುಗಳಲ್ಲೆಲ್ಲ ಅದೇ ರೂಢಿಯಾಗಿತ್ತು. ನಮ್ಮ ಕಾರಿನಲ್ಲಂತೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಉಸ್ತುವಾರಿಯೂ ಇದೇ ಪೆಟ್ಟಿಗೆಯದು. ಐಡ್ಲಿಂಗ್ ಮತ್ತು ಗೇರ್ ಎರಡೂ ಒಟ್ಟಿಗೆ ಕೆಟ್ಟಾಗ ಅನುಮಾನ ಇತ್ತ ತಿರುಗಲು ಅದೇ ಕಾರಣ.

ಆದರೆ ಅನುಮಾನವೇ ಪುರಾವೆಯಲ್ಲ. ಮೊದಲು ಬ್ಯಾಟರಿ, ಎಂಜಿನ್ನಿನ ಅರ್ತ್ ವೈರುಗಳು, ವ್ಯಾಕ್ಯೂಮ್ ಹೋಸುಗಳು ಮತ್ತು ಇಂಧನದ ಒತ್ತಡ ಇವನ್ನೆಲ್ಲ ನೋಡಿದ್ದಾಯಿತು. ಕೂಲೆಂಟ್ ಉಷ್ಣತೆಯ ಸೆನ್ಸರ್ ಇಪ್ಪತ್ತು ಡಿಗ್ರಿಯ ಸುಮಾರಿಗೆ 2ರಿಂದ 3 ಕಿಲೊಓಮ್, ಎಂಬತ್ತು ಡಿಗ್ರಿಯಲ್ಲಿ 200ರಿಂದ 400 ಓಮ್ ತೋರಿಸಬೇಕು, ತೋರಿಸಿತು. ಸ್ಕ್ಯಾನರಿನಿಂದ ದೋಷ ಓದಲು ನೆರವಾಗುವ ಓಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರ ಮಾದರಿಗಳಿಂದ, ನಮ್ಮದು ಅದಕ್ಕೂ ಹಿಂದಿನದು, ಹಾಗಾಗಿ ಇಂದಿನ ಸ್ಕ್ಯಾನರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಕನೆಕ್ಟರಿನಲ್ಲಿ ಟಿಇ1 ಮತ್ತು ಇ1 ಎಂಬ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ, ಚೆಕ್ ಎಂಜಿನ್ ದೀಪವೇ ಮಿನುಗಿ ದೋಷದ ಸಂಖ್ಯೆಯನ್ನು ಹೇಳುತ್ತದೆ. ನಮ್ಮ ದೀಪವು ಬಿಡುವಿಲ್ಲದೆ ಒಂದೇ ಲಯದಲ್ಲಿ ಮಿನುಗಿತು. ದೋಷವೇನೂ ದಾಖಲಾಗಿಲ್ಲ ಎಂಬುದು ಅದರ ಅರ್ಥ.

ಈಗ ನೋಡಿ, ಈ ವೀಡಿಯೊದಲ್ಲಿ ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ. ರಾತ್ರಿಯಿಡೀ ತಣ್ಣಗಾಗಿದ್ದ ಕಾರಿನಲ್ಲಿ, ಗ್ಲೋವ್ ಬಾಕ್ಸ್ ತೆಗೆದು, ಅದರ ಹಿಂದಿರುವ ಇಸಿಯುಗೆ ಮಾತ್ರ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿಗಾಳಿ ಬಿಟ್ಟು, ಅದು ಕೈಗೆ ಬೆಚ್ಚಗೆ ತಾಗಿದ ಮೇಲೆ ಕೀಲಿ ತಿರುಗಿಸಿದೆ. ಎಂಜಿನ್ ಇನ್ನೂ ತಣ್ಣಗಿತ್ತು, ಸೆನ್ಸರ್‌ಗಳೂ ತಣ್ಣಗಿದ್ದವು, ಆದರೂ ಐಡ್ಲಿಂಗ್ ಕದಲದೆ ನಿಂತಿತು. ದೋಷ ಪೆಟ್ಟಿಗೆಯೊಳಗಿದೆ ಎಂದು ಹೇಳಲು ಇದಕ್ಕಿಂತ ಅಗ್ಗದ ಸಾಕ್ಷ್ಯ ಬೇಕಿಲ್ಲ.

ಬಿಸಿಯಾದರೆ ಸರಿಹೋಗುವುದೇಕೆ? ಉತ್ತರ ಇರುವುದು ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳಲ್ಲಿ, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಕೊಡುವ ಪುಟ್ಟ ಭಾಗಗಳಲ್ಲಿ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗೆ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು ಸುರುಳಿ ಸುತ್ತಿರುತ್ತಾರೆ, ಕೆಳಗೆ ರಬ್ಬರ್ ಬಿರಡೆ ಇರುತ್ತದೆ. ವರ್ಷಗಳು ಕಳೆದಂತೆ ದ್ರವ ಒಣಗುತ್ತದೆ, ಇಲ್ಲವೇ ಬಿರಡೆಯ ಮೂಲಕ ಸೋರುತ್ತದೆ. ಒಳಗಿನ ಪ್ರತಿರೋಧ ಏರುತ್ತದೆ. ತಂಪಿನಲ್ಲಿ ಆ ಪ್ರತಿರೋಧ ಇನ್ನೂ ಹೆಚ್ಚು, ಬಿಸಿಯಲ್ಲಿ ಕಡಿಮೆ. ಬ್ಯಾಟರಿಯಿಂದ ಬಂದ ವಿದ್ಯುತ್ತನ್ನು ಐದು ವೋಲ್ಟಿಗೆ ಇಳಿಸಿ ಸಮನಾಗಿ ಕೊಡುವ ಕೆಲಸದಲ್ಲಿ ಈ ಕೆಪಾಸಿಟರ್‌ಗಳಿಗೆ ದೊಡ್ಡ ಪಾಲಿದೆ. ಅವು ಸೋತರೆ ಆ ಐದು ವೋಲ್ಟಿನ ಮೇಲೆ ಅಲೆ ಏಳುತ್ತದೆ, ಪ್ರೊಸೆಸರ್ ತಡವರಿಸುತ್ತದೆ, ಅದೇ ವೋಲ್ಟೇಜನ್ನು ನಂಬಿರುವ ಸೆನ್ಸರ್‌ಗಳ ಅಳತೆಯೂ ಕದಲುತ್ತದೆ. ಉಷ್ಣತೆ ಪ್ರತಿ ಹತ್ತು ಡಿಗ್ರಿ ಏರಿದಾಗ ಇವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳೀತು. ಕೊಲ್ಲಿಯ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಸೆಕೆ ನಿಮಗೆ ಗೊತ್ತಿದ್ದರೆ ಮುಂದಿನದನ್ನು ನೀವೇ ಊಹಿಸಬಹುದು.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು ಕನಿಷ್ಠ 90 ಸೆಕೆಂಡು ಕಾಯಬೇಕು. ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಇದನ್ನು ಮರೆಯುವಂತಿಲ್ಲ.

ಮುಚ್ಚಳ ತೆಗೆದಾಗ ಮೇಲ್ನೋಟಕ್ಕೆ ಎಲ್ಲವೂ ಚೊಕ್ಕಟವಾಗಿಯೇ ಕಂಡಿತು. ಕೆಪಾಸಿಟರ್ ಉಬ್ಬಿದ್ದರೆ ಮಾತ್ರ ಕೆಟ್ಟಿದೆ ಎಂಬ ನಂಬಿಕೆ ಬಹಳ ಮಂದಿಗಿದೆ, ಇಲ್ಲಿ ಒಂದೂ ಉಬ್ಬಿರಲಿಲ್ಲ. ಬೋರ್ಡನ್ನು ಓರೆಯಾಗಿ ಹಿಡಿದು ಬೆಳಕಿಗೆ ಒಡ್ಡಿದಾಗ, ಕೆಪಾಸಿಟರ್‌ಗಳ ಬುಡದಲ್ಲಿ ಹಸಿರು ಲೇಪ ಕಪ್ಪಾಗಿ, ಒದ್ದೆಯಾದಂತೆ ಹೊಳೆಯುತ್ತಿತ್ತು. ಬೆಸುಗೆ ಕಡ್ಡಿ ತಾಗಿಸಿದ ಕ್ಷಣವೇ ಮೀನಿನ ವಾಸನೆ ಬಂತು. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಕೆಲವು ಕೆಪಾಸಿಟರ್‌ಗಳಲ್ಲಿ ಬಳಸುತ್ತಿದ್ದ ಕ್ವಾಟರ್ನರಿ ಅಮೋನಿಯಂ ಲವಣದ ದ್ರವವು ಬಿರಡೆಯನ್ನೇ ದಾಟಿ ಸೋರುವ ಸ್ವಭಾವದ್ದು, ಅದರ ಮೇಲೆ ಕ್ಷಾರಗುಣದ್ದು. ಕೆಳಗಿನ ತಾಮ್ರದ ಗೆರೆಗಳನ್ನು ಅದು ನಿಧಾನವಾಗಿ ತಿಂದುಹಾಕುತ್ತದೆ.

ಹಳೆಯ ಕೆಪಾಸಿಟರ್ ತೆಗೆಯುವುದು ಹೊಸದನ್ನು ಕೂರಿಸುವುದಕ್ಕಿಂತ ಕಷ್ಟ. ಗ್ರೌಂಡಿಗೆ ಸೇರಿದ ಕಾಲು ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಬೆಸುಗೆ ಪೂರ್ತಿ ಕರಗುವ ಮೊದಲೇ ಎಳೆದರೆ ರಂಧ್ರದ ಒಳಗೋಡೆಯ ತಾಮ್ರವೇ ಕಿತ್ತು ಬರುತ್ತದೆ. ಅಂಥಲ್ಲಿ ಹೊಸ ಸೀಸಯುಕ್ತ ಬೆಸುಗೆಯನ್ನು ಸ್ವಲ್ಪ ಸೇರಿಸಿದರೆ ಹಳೆಯದೂ ಸಲೀಸಾಗಿ ಕರಗುತ್ತದೆ. ತೆಗೆದ ಜಾಗವನ್ನು ಮೊದಲು ಬಿಳಿ ವಿನಿಗರಿನಿಂದ ಒರೆಸಿ ಕ್ಷಾರವನ್ನು ಕಳೆದೆ, ಅನಂತರ ನೀರಿನಿಂದಲೂ ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೂ ತೊಳೆದು ಒಣಗಿಸಿದೆ. ಈ ಹಂತವನ್ನು ಬಿಟ್ಟುಬಿಟ್ಟ ರಿಪೇರಿ ಕೆಲವೇ ತಿಂಗಳಲ್ಲಿ ಮತ್ತೆ ಮೇಜಿಗೆ ಬರುತ್ತದೆ. ಸವೆದು ತುಂಡಾಗಿದ್ದ ಒಂದು ಗೆರೆಯನ್ನು ಎನಾಮೆಲ್ ಲೇಪದ ತೆಳು ವೈರಿನಿಂದ ಜೋಡಿಸಿದ್ದನ್ನು ನೀವು ಇಲ್ಲಿ ಕಾಣಬಹುದು.

ಹೊಸ ಕೆಪಾಸಿಟರ್‌ಗಳ ಮೈಕ್ರೊಫ್ಯಾರಡ್, ಅಂದರೆ ವಿದ್ಯುತ್ ಹಿಡಿದಿಡುವ ಸಾಮರ್ಥ್ಯದ ಅಳತೆ, ಹಳೆಯದಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಉಷ್ಣತೆಯ ಮಿತಿ 105 ಡಿಗ್ರಿಗೆ ಕಡಿಮೆ ಬೇಡ. ಬೆಂಗಳೂರಿನಿಂದ ನೋಡುತ್ತಿರುವವರಿಗೆ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆ ಹತ್ತಿರವೆಂಬುದು ನಿಜ, ಆದರೂ ಈ ಕೆಲಸಕ್ಕೆ ಅಧಿಕೃತ ವಿತರಕರಿಂದಲೇ ತರಿಸುವುದು ಲೇಸು. ಮೂರು ಪಟ್ಟು ಬೆಲೆಯಾದರೂ ಒಟ್ಟು ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದು. ಧ್ರುವದ ವಿಚಾರದಲ್ಲಿ ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಕೆಪಾಸಿಟರಿನ ಮೇಲಿನ ಪಟ್ಟಿ ನೆಗೆಟಿವ್ ಕಾಲನ್ನು ತೋರಿಸಿದರೆ, ಟ್ಯಾಂಟಲಮ್ ಕೆಪಾಸಿಟರಿನ ಪಟ್ಟಿ ಪಾಸಿಟಿವ್ ಕಾಲನ್ನು ತೋರಿಸುತ್ತದೆ. ತೆಗೆಯುವ ಮೊದಲೇ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ.

ಪೆಟ್ಟಿಗೆ ಮರಳಿ ಕಾರಿಗೆ ಸೇರಿದೆ. ಥ್ರಾಟಲ್ ಸೆನ್ಸರಿನ ಬಳಿ ಮೀಟರ್ ಹಿಡಿದಾಗ ಐದು ವೋಲ್ಟ್ ಅಲುಗದೆ ನಿಂತಿದೆ, ತಣ್ಣನೆಯ ಎಂಜಿನ್ ಮೊದಲ ತಿರುವಿಗೇ ಸ್ಟಾರ್ಟ್ ಆಗಿದೆ. ಬ್ಯಾಟರಿ ತೆಗೆದಿದ್ದರಿಂದ ಇಸಿಯು ಕಲಿತದ್ದೆಲ್ಲ ಅಳಿಸಿಹೋಗಿದೆ, ಮೊದಲ ಕೆಲವು ಕಿಲೊಮೀಟರ್ ಐಡ್ಲಿಂಗ್ ಕೊಂಚ ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಕಿಲ್ಲ. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಸಣ್ಣದೊಂದು ಜಗ್ಗಾಟ ಈಗಲೂ ಉಳಿದಿದೆ. ಅದು ಬಿಸಿಯಾದಾಗಲೂ ಇದೆ, ತಣ್ಣಗಿದ್ದಾಗಲೂ ಇದೆ, ಹಾಗಾಗಿ ಅದನ್ನು ಈ ಪೆಟ್ಟಿಗೆಯ ಲೆಕ್ಕಕ್ಕೆ ಬರೆಯುತ್ತಿಲ್ಲ. ಮುಂದಿನ ವಾರ ಗೇರ್ ಆಯಿಲ್ ಇಳಿಸಿ, ಫಿಲ್ಟರ್ ತೆಗೆದು ನೋಡಲಿದ್ದೇನೆ.