ಹೊಟ್ಟೆಯ ಬ್ಯಾಕ್ಟೀರಿಯಾ, ನೆತ್ತಿಯ ಕೂದಲು

ಕೇಳುಗರೆಲ್ಲರಿಗೂ ನಮಸ್ಕಾರ. ಕರುಳು ಸರಿಮಾಡಿಕೊಂಡರೆ ಬೋಳಾಗುತ್ತಿರುವ ನೆತ್ತಿಯಲ್ಲಿ ಮತ್ತೆ ಕೂದಲು ಬರುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೂದಲ ಹಣೆಬರಹ ತೀರ್ಮಾನವಾಗುವುದು ಕೂದಲ ಬುಡದಲ್ಲಿ, ಹೊಟ್ಟೆಯಲ್ಲಲ್ಲ.

ಆ ಬುಡದಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವಿದೆ. ಅದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಅದಕ್ಕಿಂತ ಪ್ರಬಲವಾದ ಡೈಹೈಡ್ರೋಟೆಸ್ಟೋಸ್ಟಿರಾನ್, ಅಂದರೆ ಡಿಎಚ್‌ಟಿಯಾಗಿ ಬದಲಿಸುತ್ತದೆ. ನೆತ್ತಿಯಲ್ಲಿ, ಹಣೆಯಂಚಿನಲ್ಲಿ ವಂಶದಿಂದಲೇ ಸೂಕ್ಷ್ಮವಾದ ಬುಡಗಳು ಈ ಡಿಎಚ್‌ಟಿಗೆ ಸೊರಗುತ್ತವೆ. ವರ್ಷಗಟ್ಟಲೆ ಬೆಳೆಯಬೇಕಾದ ಕೂದಲು ತಿಂಗಳುಗಳಲ್ಲೇ ಉದುರುತ್ತದೆ, ಮುಂದಿನ ಸಲ ಇನ್ನೂ ತೆಳುವಾಗಿ ಹುಟ್ಟುತ್ತದೆ.

ಹಾಗಾದರೆ ಕರುಳಿನ ಮಾತು ಬಂದದ್ದೆಲ್ಲಿಂದ? ಇದು ನನಗೆ ಬಲು ಇಷ್ಟವಾದ ಕಥೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಕೆಲಸ ಮುಗಿಸಿದ ಹಾರ್ಮೋನಿಗೆ ಯಕೃತ್ತು ಗ್ಲುಕುರಾನಿಕ್ ಆಮ್ಲ ಎಂಬ ಬೀಗ ಹಾಕುತ್ತದೆ. ಬೀಗ ಬಿದ್ದ ಹಾರ್ಮೋನು ನಿಷ್ಕ್ರಿಯ. ಅದರಲ್ಲಿ ಒಂದು ಪಾಲು ಪಿತ್ತರಸದ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳ ಬಳಿ ಬೀಟಾ-ಗ್ಲುಕುರಾನಿಡೇಸ್ ಎಂಬ ಕಿಣ್ವವಿದೆ, ಬೀಗ ತೆರೆಯುವುದೇ ಅದರ ಕೆಲಸ. 2019ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಅಳೆದರು. ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ಇಲಿಗಳ ಕರುಳಿನ ಕೊನೆಯ ಭಾಗದಲ್ಲಿ ಬೀಗ ಬಿದ್ದ ಹಾರ್ಮೋನೇ ತುಂಬಿತ್ತು, ಬೀಗವಿಲ್ಲದ ಬಿಡಿ ಡಿಎಚ್‌ಟಿ ತೀರಾ ಕಡಿಮೆ. ಸಾಮಾನ್ಯ ಇಲಿಗಳಲ್ಲಿ ಅದು ಧಾರಾಳವಾಗಿತ್ತು. ಆರೋಗ್ಯವಂತ ಯುವಕರ ಮಲದಲ್ಲಂತೂ ಬಿಡಿ ಡಿಎಚ್‌ಟಿ ರಕ್ತದಲ್ಲಿರುವುದಕ್ಕಿಂತ 70 ಪಟ್ಟಿಗೂ ಹೆಚ್ಚು!

ಸೊಗಸಾದ ಪ್ರಯೋಗ. ಆದರೆ ಗಮನಿಸಿ, ಅಷ್ಟು ಡಿಎಚ್‌ಟಿ ಸಿಕ್ಕಿದ್ದು ಮಲದಲ್ಲಿ. ಕೂದಲ ಬುಡಕ್ಕೆ ಹಾರ್ಮೋನು ಬರುವುದು ರಕ್ತದಿಂದ, ಉಳಿದದ್ದನ್ನು ಬುಡವೇ ತಯಾರಿಸಿಕೊಳ್ಳುತ್ತದೆ. ಇಷ್ಟನ್ನು ಮರೆಮಾಚಿ ಕೂದಲಿಗೆಂದು ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳ ಡಬ್ಬಿ ಮಾರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಡಬ್ಬಿ ಖಾಲಿ ಮಾಡುತ್ತ ಕೂತ ಆರು ತಿಂಗಳಲ್ಲಿ ಬುಡಗಳು ಇನ್ನಷ್ಟು ಕುಗ್ಗಿರುತ್ತವೆ.

ಸಮಯ ಓಡುತ್ತಿದೆ, ಮಾಡಬೇಕಾದ್ದನ್ನು ಬೇಗ ಹೇಳುತ್ತೇನೆ. ಗಂಡಸರಾದರೆ 5 ಪ್ರತಿಶತದ ಮಿನಾಕ್ಸಿಡಿಲ್ ದ್ರಾವಣ, ಒಂದು ಸಲಕ್ಕೆ 1 ಮಿಲಿಲೀಟರ್, ದಿನಕ್ಕೆರಡು ಸಲ. ಒಣಗಿದ ನೆತ್ತಿಯ ಚರ್ಮಕ್ಕೆ ಹಚ್ಚಿ, ಕೂದಲಿಗಲ್ಲ. ನಾಲ್ಕು ಗಂಟೆ ತಲೆ ತೊಳೆಯಬೇಡಿ. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಹಳೆಯ ಕೂದಲನ್ನು ತಳ್ಳಿ ಹೊಸದು ಬರುವ ಸೂಚನೆ ಅದು. ಬಹಳ ಜನ ಹೆದರಿ ಕೈಬಿಡುವುದು ಇಲ್ಲಿಯೇ. ಕನಿಷ್ಠ ನಾಲ್ಕು ತಿಂಗಳು ಬಿಡದೆ ಹಚ್ಚಿ. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಬುಡದಲ್ಲಿರುವ ಆ ಕಿಣ್ವವನ್ನೇ ತಡೆಯುತ್ತದೆ. ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಹೆಂಗಸರು ಮೊದಲು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವುದು) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.

ಕರುಳಿಗೆ ನಾರು ಒಳ್ಳೆಯದೇ, ದಿನಕ್ಕೆ 25ರಿಂದ 30 ಗ್ರಾಂ ತಿನ್ನಿ, ಆದರೆ ಕೂದಲಿನ ಆಸೆಯಿಂದ ಬೇಡ. ಇನ್ನು ಕೂದಲಿಗೆಂದು ಬಯೋಟಿನ್ ಎಂಬ ಜೀವಸತ್ವದ ಮಾತ್ರೆ ನುಂಗುತ್ತಿರುವವರಿಗೆ ಒಂದು ಮಾತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸಿ. ಇಲ್ಲವಾದರೆ ವರದಿ ತಪ್ಪಾಗಿ ಬಂದು, ಇಲ್ಲದ ಕಾಯಿಲೆಗೆ ಔಷಧಿ ಶುರುವಾದೀತು. ನಮಸ್ಕಾರ.