ಹಳೇ ಕಂಪ್ಯೂಟರ್ ತಂದಿರಾ? ಮೊದಲು ಡಿಸ್ಕ್ ಅಳಿಸಿ

ಕೇಳುಗರಿಗೆಲ್ಲ ನಮಸ್ಕಾರ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಂಗಡಿ ಬಾಗಿಲಿನವರೆಗೂ ಹಳೇ ಡೆಸ್ಕ್‌ಟಾಪ್‌ಗಳು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಹೆಚ್ಚಿನವು ಕಂಪನಿಗಳು ಬಳಸಿ ಬಿಟ್ಟವು. ಗಟ್ಟಿ ಮಾಲು. ಮಕ್ಕಳ ಓದಿಗೆ, ಅಂಗಡಿ ಲೆಕ್ಕಕ್ಕೆ ಧಾರಾಳವಾಗಿ ಸಾಕು. ತನ್ನಿ, ಬೇಡ ಅನ್ನುವುದಿಲ್ಲ. ಆದರೆ ತಂದ ಮೇಲೆ ಮೊದಲ ಕೆಲಸ ಒಂದೇ: ಡಿಸ್ಕ್ ಪೂರ್ತಿ ಅಳಿಸಿ. ವಾಲ್‌ಪೇಪರ್, ಪ್ರಿಂಟರ್, ಗೇಮು ಎಲ್ಲ ಆಮೇಲೆ.

"ಅಂಗಡಿಯವರೇ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದಾರಲ್ಲ ಸಾರ್?" ಎಲ್ಲರೂ ಇದನ್ನೇ ಕೇಳುತ್ತಾರೆ! ಅವರು ಮಾಡುವುದು ಸಾಮಾನ್ಯವಾಗಿ ಕ್ವಿಕ್ ಫಾರ್ಮ್ಯಾಟ್. ಅದರಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಹೋಗುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಫೈಲು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೇನಾದರೂ ಬರೆಯುವ ತನಕ.

ನಮ್ಮ ಪರಿಚಯದ ಮೇಷ್ಟ್ರೊಬ್ಬರು, ರಿಟೈರ್ ಆದವರು, ಮೊಮ್ಮಗಳಿಗೆ ಅಂತ ಒಂದು ಸಿಪಿಯು ತಂದಿದ್ದರು. ಆನ್ ಮಾಡಿದರೆ ರೀಸೈಕಲ್ ಬಿನ್ ಬಿಟ್ಟು ಒಂದು ಐಕಾನೂ ಇಲ್ಲ. "ನೋಡ್ರೀ, ಎಷ್ಟು ಕ್ಲೀನಾಗಿದೆ" ಅಂತ ಅವರಿಗೆ ಖುಷಿಯೋ ಖುಷಿ. ಸರಿ, ನಾನು ಪೆನ್‌ಡ್ರೈವ್‌ನಿಂದ ಲಿನಕ್ಸ್, ಅಂದರೆ ವಿಂಡೋಸ್ ಬದಲು ಬಳಸುವ ಪುಕ್ಕಟೆ ವ್ಯವಸ್ಥೆ, ಹಚ್ಚಿ ಫೋಟೊರೆಕ್ ಅನ್ನುವ, ಅಳಿಸಿದ ಫೈಲು ಹುಡುಕಿ ತರುವ ಪ್ರೋಗ್ರಾಂ ಓಡಿಸಿದೆ. ಅದು ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದನ್ನು ನೆನಪಿಡಿ. ಕಾಫಿ ಮುಗಿಯುವಷ್ಟರಲ್ಲಿ ಫೈಲುಗಳು ಒಂದೊಂದೇ ಎದ್ದು ಬಂದವು. ಹೆಸರು ಹೋಗಿತ್ತು, ಎಫ್ ಅಕ್ಷರ, ಅದರ ಮುಂದೆ ಉದ್ದುದ್ದ ನಂಬರು, ಅಷ್ಟೇ. ತೆರೆದರೆ ಯಾರದೋ ಗೃಹಪ್ರವೇಶ, ಹಾಲು ಉಕ್ಕುತ್ತಿರುವ ಫೋಟೊ. ಆಮೇಲೊಂದು ಪಾನ್ ಕಾರ್ಡಿನ ಸ್ಕ್ಯಾನು. ಆಮೇಲೆ ಸಂಬಳದ ಎಕ್ಸೆಲ್ ಶೀಟು, ಬ್ಯಾಂಕ್ ಅಕೌಂಟ್ ನಂಬರುಗಳ ಸಮೇತ! ಮೇಷ್ಟ್ರು ಕನ್ನಡಕ ಏರಿಸಿ, ಮುಂದೆ ಬಾಗಿ, "ಅಲ್ರೀ, ಈ ಹುಡುಗನಿಗೆ ನನ್ನ ಪೆನ್ಷನ್‌ಗಿಂತ ಜಾಸ್ತಿ ಬರ್ತಿತ್ತಲ್ರೀ" ಅಂದರು. ಸಾಕು ಅಂತ ನಿಲ್ಲಿಸಿದೆ. ಆಗ ಅವರಿಗೆ ಹೊಳೆಯಿತು ನೋಡಿ, ತಾವು ಹೋದ ವರ್ಷ ಗುಜರಿಗೆ ಹಾಕಿದ ಕಂಪ್ಯೂಟರ್ ಈಗ ಯಾರ ಟೇಬಲ್ ಮೇಲಿದೆಯೋ ಅಂತ. ನಗು ನಿಂತಿತು. ಕೊಂಡವರಿಗೆ ಹೇಳಿದ್ದೇ ಮಾರುವವರಿಗೂ: ಡಿಸ್ಕ್ ಅಳಿಸಿ.

ಅಯ್ಯೋ, ಸಮಯ ಇದರಲ್ಲೇ ಹೋಯಿತು. ವಿಧಾನ ಬೇಗ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್ ಸೈಟಿನಿಂದಲೇ ವಿಂಡೋಸ್ ಹಾಕಿಕೊಳ್ಳಿ, ಗೆಳೆಯನ ಕಾಪಿ ಬೇಡ. ಅದರಿಂದ ಬೂಟ್ ಮಾಡಿ, ಅಂದರೆ ಕಂಪ್ಯೂಟರ್ ಆ ಪೆನ್‌ಡ್ರೈವ್‌ನಿಂದಲೇ ಶುರುವಾಗಲಿ. ಆನ್ ಮಾಡಿದ ಕೂಡಲೇ ಒತ್ತಬೇಕಾದ ಬಟನ್: ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9. ಇನ್‌ಸ್ಟಾಲ್ ಪರದೆ ಬಂದಾಗ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ಅಂತ ಕೊಡಿ, ಲಿಸ್ಟ್ ಡಿಸ್ಕ್ ಕೊಟ್ಟು ಸೈಜ್ ನೋಡಿ, ಸೆಲೆಕ್ಟ್ ಡಿಸ್ಕ್ ಅಂತ ಸರಿಯಾದ ಡಿಸ್ಕಿನ ನಂಬರನ್ನೇ ಕೊಟ್ಟು, ಕ್ಲೀನ್ ಆಲ್ ಕೊಡಿ. 'ಆಲ್' ಬಿಟ್ಟರೆ ಮತ್ತೆ ಅದೇ ಕಥೆ. ಹಾರ್ಡ್‌ಡಿಸ್ಕ್ ಆದರೆ ಒಂದೆರಡು ಗಂಟೆ ಹಿಡಿಯಬಹುದು, ಬಿಟ್ಟು ಊಟ ಮಾಡಿ. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಚಿಪ್ ಡಿಸ್ಕ್, ಇದ್ದರೆ ಬಯಾಸ್‌ನಲ್ಲೇ (ವಿಂಡೋಸ್‌ಗೂ ಮುಂಚೆ ಬರುವ ಮೆಷಿನ್ನಿನ ಸೆಟ್ಟಿಂಗ್ ಪರದೆ) ಅಳಿಸುವ ಆಯ್ಕೆ ಇದೆಯಾ ನೋಡಿ, ಅದೇ ವಾಸಿ.

ಆಮೇಲೆ ವಿಂಡೋಸ್. ಲೈಸೆನ್ಸ್ ಕೀ ಕೇಳಿದರೆ ಗಾಬರಿ ಬೇಡ, ಇಂಥ ಮೆಷಿನ್‌ಗಳಲ್ಲಿ ಲೈಸೆನ್ಸ್ ಹೆಚ್ಚಾಗಿ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ, ನೆಟ್ ಸಿಕ್ಕಿದ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್ 8ನೇ ಜನರೇಷನ್ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ ತಗೊಳ್ಳಿ. ಹಳೆಯದಾ? ಲಿನಕ್ಸ್ ಮಿಂಟ್ ಹಾಕಿ, 4 ಜಿಬಿ ರ‍್ಯಾಮ್ ಸಾಕು, ಕನ್ನಡವೂ ಚೆನ್ನಾಗಿ ಟೈಪ್ ಆಗುತ್ತದೆ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ತಪ್ಪು ತೋರಿಸಿದರೆ ಒಳಗಿನ ಸಿಆರ್2032 ಬಿಲ್ಲೆ ಸೆಲ್ ಬದಲಿಸಿ.

ಇನ್ನೊಂದು, ಬಯಾಸ್‌ಗೆ ಹಳೇ ಕಂಪನಿಯವರ ಪಾಸ್‌ವರ್ಡ್ ಇದ್ದರೆ ಇದ್ಯಾವುದೂ ನಡೆಯದೇ ಹೋಗಬಹುದು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಬಯಾಸ್ ತೆರೆಸಿ. ಪಾಸ್‌ವರ್ಡ್ ಕೇಳಿದರೆ ತೆಗೆಸಿ. ಆಗಲ್ಲ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ. ನಮಸ್ಕಾರ.