ಡ್ಯಾಶ್‌ಬೋರ್ಡಿನಲ್ಲಿ ಹಿಸ್ಟೋಗ್ರಾಂ: ಸರಾಸರಿ ಹೇಳದೆ ಬಿಟ್ಟದ್ದು

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಬಹಳ ಜನರ ಆಫೀಸಿನಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಟಿವಿ ಇರುತ್ತದೆ. ಅದರಲ್ಲಿ ದಿನವಿಡೀ ಡ್ಯಾಶ್‌ಬೋರ್ಡ್, ಅಂದರೆ ಕೆಲಸದ ಅಂಕಿಅಂಶ ತೋರಿಸುವ ಪುಟ, ಓಡುತ್ತಿರುತ್ತದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ಸರಾಸರಿ ರೆಸ್ಪಾನ್ಸ್ ಟೈಮ್ 290 ಮಿಲಿಸೆಕೆಂಡ್’ ಅಂತ ಇದೆ ಎಂದುಕೊಳ್ಳಿ. ಅಂದರೆ ಒಂದು ರಿಕ್ವೆಸ್ಟಿಗೆ ಸರ್ವರ್ ಉತ್ತರ ಕೊಡಲು ಸರಾಸರಿ ಅಷ್ಟು ಹೊತ್ತು. ಬಣ್ಣ ಹಸಿರು. ಮ್ಯಾನೇಜರ್ ಒಮ್ಮೆ ನೋಡಿ, ತಲೆಯಾಡಿಸಿ, ಕಾಫಿಗೆ ಹೋಗುತ್ತಾರೆ. ಇವತ್ತಿನ ಮಾತೆಲ್ಲ ಆ 290ರ ಬಗ್ಗೆ.

ಸಣ್ಣ ಲೆಕ್ಕ ಮಾಡೋಣ. ನೂರು ರಿಕ್ವೆಸ್ಟ್ ಬಂದವು. 90ಕ್ಕೆ ಉತ್ತರ ಕ್ಯಾಶ್‌ನಲ್ಲೇ, ಅಂದರೆ ಬೇಗ ಸಿಗಲಿ ಅಂತ ಹತ್ತಿರದಲ್ಲೇ ಇಟ್ಟ ಪ್ರತಿಯಲ್ಲೇ ಇತ್ತು, ಒಂದೊಂದೂ 100 ಮಿಲಿಸೆಕೆಂಡಿನಲ್ಲಿ ಮುಗಿಯಿತು. ಉಳಿದ 10 ಡೇಟಾಬೇಸ್‌ವರೆಗೆ ಹೋಗಿ ಬರಬೇಕಾಯಿತು, ಒಂದೊಂದಕ್ಕೂ 2 ಸೆಕೆಂಡ್ ಹಿಡಿಯಿತು. ಒಟ್ಟು 29 ಸೆಕೆಂಡ್. ನೂರರಿಂದ ಭಾಗಿಸಿದರೆ 290 ಮಿಲಿಸೆಕೆಂಡ್. ಲೆಕ್ಕ ಸರಿ. ಆದರೆ 290 ಮಿಲಿಸೆಕೆಂಡ್ ಕಾದವರು ಯಾರು? ಒಬ್ಬರೂ ಇಲ್ಲ! 90 ಜನ ಅದರ ಮೂರನೇ ಒಂದು ಭಾಗದಷ್ಟು ಕಾದರು, 10 ಜನ ಸುಮಾರು ಏಳು ಪಟ್ಟು ಕಾದರು. ಯಾರಿಗೂ ಆಗದ ಒಂದು ಅನುಭವವನ್ನು ನಾವು ದಪ್ಪ ಅಕ್ಷರದಲ್ಲಿ ಗೋಡೆಗೆ ಹಾಕಿದ್ದೇವೆ.

ಇದೇ ನೂರನ್ನು ಹಿಸ್ಟೋಗ್ರಾಂ ಮಾಡಿ ನೋಡಿ. ಎಡಕ್ಕೆ ಒಂದು ಎತ್ತರದ ಕಂಬ, ದೂರದಲ್ಲಿ ಬಲಕ್ಕೆ ಒಂದು ಗಿಡ್ಡ ಕಂಬ, ಮಧ್ಯೆ ಖಾಲಿ. ನೋಡಿದ ಕೂಡಲೇ ಬರುವ ಪ್ರಶ್ನೆ, ಆ ಬಲಗಡೆ ಇರುವವರು ಯಾರು? 290 ನೋಡಿದಾಗ ಈ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಿಸ್ಟೋಗ್ರಾಂ ಬೇಕು ಅಂತ ನಾನು ಹಟ ಹಿಡಿಯುವುದು ಇಷ್ಟಕ್ಕೇ.

ಹೈಸ್ಕೂಲ್ ಗಣಿತದಲ್ಲಿ ವರ್ಗಾಂತರ, ಆವೃತ್ತಿ ಅಂತೆಲ್ಲ ಮಾಡಿದ್ದೀರಲ್ವಾ, ಅದೇ ಇದು. ಅಳತೆಯ ಗೆರೆಯನ್ನು ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಎಷ್ಟು ಬಿದ್ದಿವೆ ಅಂತ ಎಣಿಸಿ, ಅಷ್ಟೆತ್ತರ ಕಂಬ ನಿಲ್ಲಿಸುವುದು. ಈಗ ಆ ತುಂಡಿಗೆ ಬಿನ್ ಅನ್ನುತ್ತೇವೆ, ಕೆಲವರು ಬಕೆಟ್ ಅನ್ನುತ್ತಾರೆ. ಹಿಸ್ಟೋಗ್ರಾಂ ಅನ್ನುವ ಹೆಸರು ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್, 1890ರ ದಶಕದಲ್ಲಿ, ಲಂಡನ್ನಿನಲ್ಲಿ. ಮಾಮೂಲಿ ಬಾರ್ ಚಾರ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮರೆಯಬೇಡಿ. ಬಾರ್ ಚಾರ್ಟಿನಲ್ಲಿ ಮೈಸೂರು, ಹುಬ್ಬಳ್ಳಿ, ಮಂಗಳೂರು ಅಂತ ಕಂಬಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಇಲ್ಲಿ ಹಾಗಲ್ಲ. ಕೆಳಗಿರುವುದು ಅಳತೆ. ಕ್ರಮ ಬದಲಾಯಿಸುವ ಹಾಗಿಲ್ಲ, ಖಾಲಿ ಬಿನ್ ಇದ್ದರೆ ಅದನ್ನು ಮುಚ್ಚಿಡುವ ಹಾಗೂ ಇಲ್ಲ. ಆ ಖಾಲಿ ಜಾಗವೂ ಒಂದು ಮಾಹಿತಿಯೇ.

ಈಗ ನಿಜವಾದ ಡೇಟಾ ಒಂದನ್ನು ನೋಡೋಣ. ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ಓಲ್ಡ್ ಫೇತ್‌ಫುಲ್ ಅಂತ ಒಂದು ಬಿಸಿನೀರಿನ ಚಿಲುಮೆ ಇದೆ. ಆಗಾಗ ಚಿಮ್ಮುತ್ತದೆ, ನೋಡಲು ಜನ ಕಾದು ಕೂತಿರುತ್ತಾರೆ. ಒಂದು ಚಿಮ್ಮಿನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಅಂತ ಬರೆದಿಟ್ಟ 272 ಸಾಲಿನ ಡೇಟಾ, ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇನ್‌ಸ್ಟಾಲ್ ಮಾಡಿದರೆ ಜತೆಗೇ ಬರುತ್ತದೆ. ಅತಿ ಕಡಿಮೆ 43 ನಿಮಿಷ, ಅತಿ ಜಾಸ್ತಿ 96. ಸರಾಸರಿ ಸುಮಾರು 71. ಐದೈದು ನಿಮಿಷದ ಬಿನ್ ಹಾಕಿ ಬಿಡಿಸಿ, ಎರಡು ಗುಡ್ಡ ಎದ್ದು ಕಾಣುತ್ತವೆ. ಒಂದು 54ರ ಆಸುಪಾಸು, ಇನ್ನೊಂದು 80ರ ಆಸುಪಾಸು. ನಮ್ಮ 71 ಈ ಎರಡರ ನಡುವೆ ಎಲ್ಲೋ ನಿಂತಿದೆ. ಹಾಗಾದರೆ ಎರಡು ಗುಡ್ಡ ಯಾಕೆ ಅಂತ ಹುಡುಕಿಕೊಂಡು ಹೋದರೆ ಉತ್ತರವೂ ಸಿಗುತ್ತದೆ. ಹಿಂದಿನ ಸಲ ಚಿಲುಮೆ ಸ್ವಲ್ಪ ಹೊತ್ತು ಮಾತ್ರ ಚಿಮ್ಮಿದ್ದರೆ ಮುಂದಿನದು ಬೇಗ ಬರುತ್ತದೆ. ಜಾಸ್ತಿ ಹೊತ್ತು ಚಿಮ್ಮಿದ್ದರೆ ಜಾಸ್ತಿ ಕಾಯಬೇಕು. ಪಾರ್ಕಿನವರು ಮುಂದಿನ ಸಮಯ ಅಂದಾಜು ಮಾಡುವುದೂ ಹೀಗೇ.

ಅದೇ ಡೇಟಾಗೆ 30 ನಿಮಿಷದ ಬಿನ್ ಹಾಕಿ ನೋಡಿ. 40ರಿಂದ 70 ಒಂದು ಕಂಬ, 70ರಿಂದ 100 ಇನ್ನೊಂದು. ಗುಡ್ಡವೂ ಇಲ್ಲ, ಕಣಿವೆಯೂ ಇಲ್ಲ. ಡೇಟಾ ಒಂದೇ, ಆದರೆ ವಿಷಯ ಮಾಯ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಸ್ಟೋಗ್ರಾಂ ಸತ್ಯವನ್ನೇ ತೋರಿಸುತ್ತದೆ, ಸರಾಸರಿ ಮಾತ್ರ ಮೋಸ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಬಿನ್ ಎಷ್ಟು ಅಗಲ ಇರಬೇಕು ಎನ್ನುವುದು ನಮ್ಮ ನಿರ್ಧಾರ, ಚಿತ್ರದ ಆಕಾರ ಆ ನಿರ್ಧಾರದ ಮೇಲೆ ನಿಂತಿದೆ.

ಬಹಳ ಜನ ಈ ನಿರ್ಧಾರವನ್ನು ಸಾಫ್ಟ್‌ವೇರಿಗೆ ಬಿಟ್ಟುಬಿಡುತ್ತಾರೆ. ಪೈಥಾನ್ ಭಾಷೆಯಲ್ಲಿ ಲೆಕ್ಕಕ್ಕೆ ಬಳಸುವ ನಂಪೈ ಸುಮ್ನೆ 10 ಬಿನ್ ಹಾಕುತ್ತದೆ. ಆರ್‌ನಲ್ಲಿ ಚಿತ್ರ ಬಿಡಿಸುವ ಜಿಜಿಪ್ಲಾಟ್ 30 ಹಾಕುತ್ತದೆ, ಜತೆಗೆ ‘ನೀವೇ ಬೇರೆ ಸಂಖ್ಯೆ ನೋಡಿ ಕೊಡಿ’ ಅಂತ ಒಂದು ಸಾಲು ಹೇಳುತ್ತದೆ. ನನಗೆ ಆ ಪ್ರಾಮಾಣಿಕತೆ ಇಷ್ಟ. ಸೂತ್ರಗಳೂ ಇವೆ. 1926ರ ಸ್ಟರ್ಜಸ್ ಸೂತ್ರ ಹಳೆಯದು, ಅದರ ಪ್ರಕಾರ ಹತ್ತು ಲಕ್ಷ ದಾಖಲೆ ಇದ್ದರೂ 21 ಬಿನ್ ಸಾಕು. ಇವತ್ತಿನ ಡೇಟಾಗೆ ಅದು ತೀರಾ ಕಡಿಮೆ. 1981ರ ಫ್ರೀಡ್‌ಮನ್–ಡಯಾಕೊನಿಸ್ ಸೂತ್ರ ಮಧ್ಯದ ಅರ್ಧ ಡೇಟಾ ಎಷ್ಟು ಹರಡಿದೆ ಅಂತ ನೋಡಿ ಅಗಲ ಕೊಡುತ್ತದೆ, ಹಾಗಾಗಿ ಎಲ್ಲೋ ಒಂದೆರಡು ವಿಪರೀತ ಸಂಖ್ಯೆ ಬಂದರೂ ಅಲುಗಾಡುವುದಿಲ್ಲ. ಶುರು ಮಾಡಲು ಇದು ಒಳ್ಳೆಯದು. ಆಮೇಲೆ ಕೈಯಾರೆ ಅಗಲ ಬದಲಿಸಿ, ಗುಡ್ಡಗಳು ಉಳಿಯುತ್ತವಾ ಇಲ್ಲವಾ ನೋಡಿ.

ಸೂತ್ರಕ್ಕೆ ಗೊತ್ತಾಗದ ವಿಷಯವೂ ಇರುತ್ತದೆ. ನಮ್ಮ ಜನಗಣತಿಯನ್ನೇ ತೆಗೆದುಕೊಳ್ಳಿ. ವಯಸ್ಸು ಕೇಳಿದರೆ ಹಿರಿಯರು ‘ಒಂದು ಅರವತ್ತು ಬರೆದುಕೊಳ್ಳಪ್ಪ’ ಅನ್ನುತ್ತಾರೆ. ಹಾಗಾಗಿ 0 ಮತ್ತು 5ರಲ್ಲಿ ಮುಗಿಯುವ ವಯಸ್ಸುಗಳಲ್ಲಿ ಜನ ಗುಂಪುಗೂಡಿರುತ್ತಾರೆ. ಒಂದೊಂದು ವರ್ಷದ ಬಿನ್ ಹಾಕಿದರೆ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಐದು ವರ್ಷದ ಬಿನ್ ಹಾಕಿದರೆ ನಯವಾಗುತ್ತದೆ. ಮೂರು ವರ್ಷದ್ದು ಹಾಕಿದರೆ ಕೆಲವು ಬಿನ್‌ನಲ್ಲಿ ಐದರ ಗುಣಕ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಇಲ್ಲದ ಏರಿಳಿತ ಹುಟ್ಟುತ್ತದೆ. ಡೇಟಾ ಎಲ್ಲಿಂದ ಬಂತು, ಯಾರು ಯಾರನ್ನು ಕೇಳಿ ಬರೆದುಕೊಂಡರು ಅಂತ ತಿಳಿಯದೆ ಬಿನ್ ಹಾಕಬಾರದು.

ನನಗೆ ಹಿಸ್ಟೋಗ್ರಾಂನಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಅಂಚುಗಳು. ಪೋಲೆಂಡಿನಲ್ಲಿ ಶಾಲೆ ಮುಗಿಸುವವರಿಗೆ ಮತುರಾ ಅಂತ ಪರೀಕ್ಷೆ ಇದೆ. ಪಾಸಾಗಲು ಶೇ 30 ಬೇಕು. ಪೋಲಿಷ್ ಭಾಷೆಯ ಅಂಕಗಳ ಹಿಸ್ಟೋಗ್ರಾಂ ಕೆಲವು ವರ್ಷಗಳ ಹಿಂದೆ ಬಹಳ ಹೆಸರಾಯಿತು. ಉಳಿದೆಡೆ ಗಂಟೆಯಾಕಾರದ ನಯವಾದ ಗುಡ್ಡ. 30ಕ್ಕಿಂತ ಸ್ವಲ್ಪ ಕೆಳಗೆ ಮಾತ್ರ ದೊಡ್ಡ ಗುಂಡಿ. ಸರಿಯಾಗಿ 30ರಲ್ಲಿ ನೆಟ್ಟಗೆ ನಿಂತ ಒಂದು ಕಂಬ. ಏನಾಗಿದೆ ಅಂತ ನಾನು ವಿವರಿಸಬೇಕಾ? ಎಸ್‌ಎಸ್‌ಎಲ್‌ಸಿಯಲ್ಲಿ ಬಹುಕಾಲ ಪಾಸಿನ ಗಡಿಯಾಗಿದ್ದ 35 ಅಂದರೆ ಏನು ಅಂತ ಗೊತ್ತಿರುವ ನಾಡು ಇದು. ಒಂದು ಅಂಕ ಕಡಿಮೆ ಬಿದ್ದ ಮಗುವಿನ ಪೇಪರನ್ನು ಇನ್ನೊಮ್ಮೆ ತಿರುವಿ ಹಾಕುವ ಮೇಷ್ಟ್ರು ಅಲ್ಲೂ ಇದ್ದಾರೆ, ಅಷ್ಟೇ. ಸರಾಸರಿ ಅಂಕ, ಪಾಸಾದವರ ಶೇಕಡಾ ಎರಡನ್ನೂ ಎಷ್ಟು ನೋಡಿದರೂ ಇದು ತಿಳಿಯುವುದಿಲ್ಲ.

ಮ್ಯಾರಥಾನಿನಲ್ಲೂ ಹೀಗೇ. ಒಂದು ಕೋಟಿಯ ಹತ್ತಿರದಷ್ಟು ಓಟಗಳ ಸಮಯ ತೆಗೆದುಕೊಂಡು ಅರ್ಥಶಾಸ್ತ್ರಜ್ಞರು ನೋಡಿದಾಗ 3 ಗಂಟೆ, 4 ಗಂಟೆಗಳಿಗೆ ಸ್ವಲ್ಪ ಮುಂಚೆ ಜನ ಒತ್ತೊತ್ತಾಗಿ ಮುಗಿಸಿದ್ದು ಕಂಡಿತು. ಗುರಿ ಇಟ್ಟ ಕಡೆ ಡೇಟಾ ಬಾಗುತ್ತದೆ.

ಇದು ನಮ್ಮ ಡ್ಯಾಶ್‌ಬೋರ್ಡುಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಸಪೋರ್ಟ್ ಟಿಕೆಟ್ 24 ಗಂಟೆಯಲ್ಲಿ ಮುಗಿಸಬೇಕು ಅಂತ ಗುರಿ ಇಟ್ಟಿದ್ದೀರಿ. ‘ಶೇ 96 ಗುರಿಯೊಳಗೆ’ ಅಂತ ಹಸಿರು ಬರುತ್ತದೆ. ಹಿಸ್ಟೋಗ್ರಾಂ ಹಾಕಿ ನೋಡಿದರೆ 23ನೇ ಗಂಟೆಯಲ್ಲಿ ದೊಡ್ಡ ಕಂಬ ನಿಂತಿರಬಹುದು. ಅಂದರೆ ಕೆಲಸ ಮುಗಿಯುತ್ತಿದೆಯೋ, ಟಿಕೆಟ್ ಮಾತ್ರ ಮುಚ್ಚುತ್ತಿದೆಯೋ ಅಂತ ವಿಚಾರಿಸಬೇಕಾಗುತ್ತದೆ. ಸರ್ಕಾರಿ ಸೇವೆಗಳಿಗೂ ಇದು ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ 2011ರ ಕಾಯ್ದೆಯಿಂದ ಬಂದ ಸಕಾಲದಲ್ಲಿ ಒಂದೊಂದು ಸೇವೆಗೂ ಇಂತಿಷ್ಟು ದಿನ ಅಂತ ಗಡುವಿದೆ. ಇಂಥ ಕಡೆ ಗಡುವಿನೊಳಗೆ ಎಷ್ಟು ಎನ್ನುವ ಒಂದು ಸಂಖ್ಯೆಗಿಂತ, ಎಷ್ಟನೇ ದಿನ ಎಷ್ಟು ಅರ್ಜಿ ಮುಗಿದವು ಎನ್ನುವ ಚಿತ್ರ ನೂರು ಪಟ್ಟು ಉಪಯೋಗಕ್ಕೆ ಬರುತ್ತದೆ. ಎರಡು ದಿನದ ಕೆಲಸಕ್ಕೆ ಇಪ್ಪತ್ತು ದಿನದ ಗಡುವು ಕೊಟ್ಟಿದ್ದರೆ ಅದೂ ಅಲ್ಲೇ ಕಾಣುತ್ತದೆ.

ಇನ್ನು ಸರ್ವರ್ ಕಡೆಯವರ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ನಾನು ಜಾಸ್ತಿ ಗೊಂದಲ ನೋಡಿರುವುದು ಇಲ್ಲೇ.

ಸರ್ವರುಗಳ ಅಳತೆ ಸಂಗ್ರಹಿಸುವ ಪ್ರಮೀಥಿಯಸ್ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ಗೊತ್ತು, ಅದು ಒಂದೊಂದು ರಿಕ್ವೆಸ್ಟಿನ ಸಮಯವನ್ನು ಇಟ್ಟುಕೊಳ್ಳುವುದಿಲ್ಲ. ಮೊದಲೇ ಬಕೆಟ್ ಗಡಿಗಳನ್ನು ಹೇಳಿಡಬೇಕು, ಅದು ಎಣಿಸುತ್ತಾ ಹೋಗುತ್ತದೆ. ಎಣಿಕೆ ಕೂಡುತ್ತಾ ಹೋಗುವ ಬಗೆಯದು. ‘0.1 ಸೆಕೆಂಡಿನೊಳಗೆ ಇಷ್ಟು’, ‘0.25ರೊಳಗೆ ಇಷ್ಟು’ ಹೀಗೆ. ನೀವು ಏನೂ ಹೇಳದಿದ್ದರೆ ಸಾಮಾನ್ಯವಾಗಿ ಗಡಿಗಳು 5 ಮಿಲಿಸೆಕೆಂಡಿನಿಂದ ಶುರುವಾಗಿ 10 ಸೆಕೆಂಡಿಗೆ ಮುಗಿಯುತ್ತವೆ. ಅದರಾಚೆಗಿನದ್ದೆಲ್ಲ ಕೊನೆಯ ಒಂದೇ ಬಕೆಟ್ಟಿಗೆ.

ಇದರಿಂದ ಪಿ95 ಲೆಕ್ಕ ಹಾಕುವಾಗ, ಅಂದರೆ ನೂರರಲ್ಲಿ 95 ರಿಕ್ವೆಸ್ಟ್ ಎಷ್ಟರೊಳಗೆ ಮುಗಿದವು ಅಂತ ಕೇಳಿದಾಗ, ಪ್ರಮೀಥಿಯಸ್ ಒಂದು ಊಹೆ ಮಾಡುತ್ತದೆ. ಬಕೆಟ್ಟಿನೊಳಗೆ ಎಲ್ಲವೂ ಸಮವಾಗಿ ಹರಡಿವೆ ಅಂತ. ಈಗ ನೋಡಿ. ಎಲ್ಲ ರಿಕ್ವೆಸ್ಟುಗಳಿಗೂ ನಿಜವಾಗಿ ಹಿಡಿದದ್ದು 1.1 ಸೆಕೆಂಡ್. ಬಕೆಟ್ 1ರಿಂದ 2.5ರವರೆಗೆ. ಊಹೆಯ ಪ್ರಕಾರ ಪಿ95 ಬರುವುದು 2.425 ಸೆಕೆಂಡ್! ಎರಡು ಪಟ್ಟಿಗಿಂತ ಜಾಸ್ತಿ. ಯಾರೋ ರಾತ್ರಿ ಎರಡು ಗಂಟೆಗೆ ಅಲಾರಂ ಕೇಳಿ ಎದ್ದು ಕೂರುತ್ತಾರೆ. ಇನ್ನೊಂದು ತೊಂದರೆ ಇದಕ್ಕೆ ತದ್ವಿರುದ್ಧ. ಪಿ99ರ ಗೆರೆ 10 ಸೆಕೆಂಡಿಗೆ ಅಂಟಿಕೊಂಡು ಗಂಟೆಗಟ್ಟಲೆ ನೆಟ್ಟಗೆ ಹೋಗುತ್ತಿದ್ದರೆ ‘ಪರವಾಗಿಲ್ಲ, ಸ್ಥಿರವಾಗಿದೆ’ ಅಂದುಕೊಳ್ಳಬೇಡಿ. ಅದು ಕೊನೆಯ ಬಕೆಟ್ಟಿಗೆ ಬಿದ್ದಿದೆ. ನಿಜವಾದ ಸಮಯ 11 ಸೆಕೆಂಡೂ ಇರಬಹುದು, 2 ನಿಮಿಷವೂ ಇರಬಹುದು, ಪ್ರಮೀಥಿಯಸ್ ಮಾತ್ರ 10 ಅಂತಲೇ ಹೇಳುತ್ತಿರುತ್ತದೆ.

ಹಾಗಾಗಿ ಗಡಿಗಳನ್ನು ನಿಮ್ಮ ಪ್ರಶ್ನೆಗೆ ತಕ್ಕಂತೆ ಇಡಿ. ಗ್ರಾಹಕರಿಗೆ 300 ಮಿಲಿಸೆಕೆಂಡ್ ಅಂತ ಮಾತು ಕೊಟ್ಟಿದ್ದರೆ 0.3ರಲ್ಲಿ ಒಂದು ಗಡಿ ಇರಲೇಬೇಕು. ಆಗ ‘ಮಾತು ಉಳಿಸಿಕೊಂಡದ್ದು ಎಷ್ಟು’ ಎನ್ನುವುದಕ್ಕೆ ಊಹೆಯಿಲ್ಲದ ಉತ್ತರ ಸಿಗುತ್ತದೆ. ಪ್ರಮೀಥಿಯಸ್‌ಗೆ 2022ರಲ್ಲಿ ಬಂದ ನೇಟಿವ್ ಹಿಸ್ಟೋಗ್ರಾಂ ಗಡಿಗಳನ್ನು ತಾನೇ ಸಣ್ಣ ಸಣ್ಣದಾಗಿ ಮಾಡಿಕೊಳ್ಳುತ್ತದೆ, ಹೊಸದಾಗಿ ಶುರು ಮಾಡುವವರು ಅದನ್ನು ನೋಡಿ.

ಇಷ್ಟೆಲ್ಲ ತಾಪತ್ರಯ ಇದ್ದರೂ ಬಕೆಟ್ ಎಣಿಕೆಯನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಎಣಿಕೆಗಳನ್ನು ಕೂಡಬಹುದು, ಪಿ95, ಪಿ99ರಂಥ ಪರ್ಸೆಂಟೈಲ್‌ಗಳನ್ನು ಕೂಡಲಾಗುವುದಿಲ್ಲ. ಒಂದು ಸರ್ವರಿನ ಪಿ95 0.2, ಇನ್ನೊಂದರದ್ದು 3 ಸೆಕೆಂಡ್, ಎರಡರ ಸರಾಸರಿ 1.6 ಅಂತ ಬರೆದ ಡ್ಯಾಶ್‌ಬೋರ್ಡುಗಳಿವೆ. ಆ 1.6ಕ್ಕೆ ಅರ್ಥವೇ ಇಲ್ಲ. ಎರಡೂ ಸರ್ವರಿನ ಗಡಿಗಳು ಒಂದೇ ಇದ್ದರೆ ಬಕೆಟ್ಟಿಗೆ ಬಕೆಟ್ ಕೂಡಿ, ಆಮೇಲೆ ಪಿ95 ತೆಗೆಯಿರಿ.

ಗಡಿಗಳು ಸಮವಾಗಿಲ್ಲದಾಗ ಕಣ್ಣಿಗೆ ಮೋಸವಾಗುತ್ತದೆ. ಹವಾಮಾನ ಇಲಾಖೆಯ ಮಳೆ ವಿಂಗಡಣೆ ನೋಡಿ. ದಿನಕ್ಕೆ 2.5ರಿಂದ 15.5 ಮಿ.ಮೀ. ಹಗುರ ಮಳೆ, 64.4ರವರೆಗೆ ಸಾಧಾರಣ, 115.5ರವರೆಗೆ ಭಾರಿ, 204.4ರವರೆಗೆ ಅತಿ ಭಾರಿ. ಮೊದಲನೆಯದು 13 ಮಿ.ಮೀ. ಅಗಲ, ಕೊನೆಯದು ಸುಮಾರು 89. ಇವನ್ನೇ ಬಿನ್ ಮಾಡಿ ದಿನಗಳನ್ನು ಎಣಿಸಿ ಕಂಬ ಹಾಕಿದರೆ, ಅಗಲವಾದ ಬಿನ್ ಬರೀ ಅಗಲದ ಬಲದಿಂದ ಎತ್ತರವಾಗುತ್ತದೆ. ಎಣಿಕೆಯನ್ನು ಅಗಲದಿಂದ ಭಾಗಿಸಿ ಎತ್ತರ ಕೊಡಬೇಕು, ಆಗ ಕಂಬದ ವಿಸ್ತೀರ್ಣ ಎಣಿಕೆಯನ್ನು ಹೇಳುತ್ತದೆ. ಅಷ್ಟು ಬೇಡ ಅನಿಸಿದರೆ ಸಮ ಅಗಲದ ಬಿನ್ ಹಾಕಿ, ಎಚ್ಚರಿಕೆಯ ಗಡಿಗಳನ್ನು ಗೆರೆಯಾಗಿ ಎಳೆಯಿರಿ. ನಾನು ಹಾಗೇ ಮಾಡುವುದು.

ಹಿಸ್ಟೋಗ್ರಾಂಗೆ ಒಂದು ಕೊರತೆ ಇದೆ, ಅದರಲ್ಲಿ ಗಡಿಯಾರ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಏನಾಯಿತು, ಮಧ್ಯಾಹ್ನ ಏನಾಯಿತು ಎಲ್ಲ ಒಂದೇ ರಾಶಿ. ಅದಕ್ಕೆ ಡ್ಯಾಶ್‌ಬೋರ್ಡ್ ಮಾಡಲು ಬಳಸುವ ಗ್ರಫಾನಾ ಸಾಫ್ಟ್‌ವೇರಿನಲ್ಲಿ ಹೀಟ್‌ಮ್ಯಾಪ್ ಇದೆ. ಅಡ್ಡಕ್ಕೆ ಸಮಯ, ಮೇಲಕ್ಕೆ ಬಕೆಟ್, ಬಣ್ಣದ ಗಾಢತೆ ಎಣಿಕೆ. ಎರಡು ಗುಂಪು ಇದ್ದರೆ ಎರಡು ಪಟ್ಟೆಗಳಾಗಿ ಓಡುತ್ತವೆ. ಸಾಫ್ಟ್‌ವೇರಿನ ಹೊಸ ರಿಲೀಸ್ ಆದ ಹೊತ್ತಿನಿಂದ ಮೇಲೆ ಮೂರನೇ ಪಟ್ಟೆ ಶುರುವಾದರೆ ಆ ದಿನದ ಚರ್ಚೆ ಬಹಳ ಬೇಗ ಮುಗಿಯುತ್ತದೆ.

ಡೇಟಾ ತೀರಾ ಕಡಿಮೆ ಇದ್ದರೆ ಇದೆಲ್ಲ ಬೇಡ. ಇಪ್ಪತ್ತು ಮಂದಿಯ ತಂಡಕ್ಕೆ ಹಿಸ್ಟೋಗ್ರಾಂ ಹಾಕಿ ‘ನೋಡಿ, ಎರಡು ಗುಂಪು’ ಅನ್ನಬೇಡಿ. ಒಂದೊಂದಕ್ಕೂ ಒಂದು ಚುಕ್ಕೆ ಇಡಿ, ಸಾಕು.

ಕೊನೆಯದಾಗಿ, ನೋಡುವವರೆಲ್ಲರಿಗೂ ಹಿಸ್ಟೋಗ್ರಾಂ ಓದಲು ಬರುವುದಿಲ್ಲ. ಕಂಬಗಳನ್ನು ಸೋಮವಾರ, ಮಂಗಳವಾರ ಅಂದುಕೊಂಡು ಓದಿದವರೂ ಇದ್ದಾರೆ. ಅದಕ್ಕೆ ಕೆಳಗಿನ ಗೆರೆಗೆ ‘ಕಾದ ಸಮಯ, ಸೆಕೆಂಡ್‌ಗಳಲ್ಲಿ’ ಅಂತ ಬರೆಯಿರಿ, ಪಕ್ಕಕ್ಕೆ ‘ಎಷ್ಟು ಜನ’ ಅಂತ ಬರೆಯಿರಿ. ಸರಾಸರಿಯನ್ನು ತೆಗೆದು ಹಾಕಬೇಡಿ, ಜನ ಹುಡುಕುತ್ತಾರೆ. ಅದನ್ನೂ ಅದೇ ಚಿತ್ರದಲ್ಲಿ ಒಂದು ನೆಟ್ಟ ಗೆರೆಯಾಗಿ ತೋರಿಸಿ. ಗೆರೆ ಖಾಲಿ ಜಾಗದಲ್ಲಿ ನಿಂತಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಇನ್ನು ಪ್ರಶ್ನೆಗಳಿಗೆ ಬರೋಣ. ಯಾರಾದರೂ ತಮ್ಮ ಡ್ಯಾಶ್‌ಬೋರ್ಡಿನ ಸ್ಕ್ರೀನ್‌ಶಾಟ್ ತಂದಿದ್ದರೆ ಕೊಡಿ, ಅದನ್ನೇ ಪರದೆಗೆ ಹಾಕಿ ಮಾತಾಡೋಣ.